ಲಾಗಿನ್ ಪಾಠಗಳಿಗೆ ವಿಎಸ್ ಕೋಡ್‌ನ ಡೆವ್ ಕಂಟೇನರ್ ಎಷ್ಟು ಚೆನ್ನ?

ಲಾಗಿನ್, ಸೆಷನ್, ಪಾಸ್‌ವರ್ಡ್ ರೀಸೆಟ್‌ಗಳನ್ನು ಕೈಯಾರೆ ಮಾಡಿ ಕಲಿಯುವ ಪಾಠಕ್ಕೆ ಬರೀ ಕೋಡ್ ಸಾಲದು. ಡೇಟಾಬೇಸ್ ಬೇಕು, ರೀಸೆಟ್ ಮೇಲ್ ಹಿಡಿದಿಡುವ ಸರ್ವರ್ ಬೇಕು, ಅದಕ್ಕಿಂತ ಮುಖ್ಯವಾಗಿ ಕುಕಿ (ಲಾಗಿನ್ ನೆನಪಿಡಲು ಬ್ರೌಸರ್ ಇಟ್ಟುಕೊಳ್ಳುವ ಗುರುತು) ಸರಿಯಾಗಿ ನಿಲ್ಲುವ ವಿಳಾಸ ಬೇಕು. ಮೂರನ್ನೂ ಕಲಿಯುವವರ ಕಂಪ್ಯೂಟರಿನಲ್ಲೇ ಒಟ್ಟಿಗೆ ಎಬ್ಬಿಸಿ ಕೊಡುವ ಡೆವ್ ಕಂಟೇನರ್ (ಬೇಕಾದ ಸಲಕರಣೆಗಳೆಲ್ಲ ತುಂಬಿದ, ಕಂಪ್ಯೂಟರಿನ ಉಳಿದ ಭಾಗದಿಂದ ಬೇರೆಯಾದ ಪರಿಸರ) ಈ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ.

ಕಂಟೇನರ್ ಓಡಿಸುವ ಡಾಕರ್, ಕೋಡ್ ಬರೆಯುವ ವಿಎಸ್ ಕೋಡ್, ಅದರ ಡೆವ್ ಕಂಟೇನರ್ಸ್ ಎಕ್ಸ್‌ಟೆನ್ಶನ್ ಇದ್ದರೆ ಆಯಿತು. ಪಾಠ ಬರೆಯುವವರು ಡೆವ್‌ಕಂಟೇನರ್.ಜೇಸನ್ ಎಂಬ ಸೆಟ್ಟಿಂಗ್ ಫೈಲಿನ ಜೊತೆ, ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಒಂದು ಕಂಪೋಸ್ ಫೈಲ್ ಇಟ್ಟು, ಅದರಲ್ಲಿ ನೋಡ್ (ಆ್ಯಪ್ ಓಡಿಸಲು), ಪೋಸ್ಟ್‌ಗ್ರೆಸ್ (ಡೇಟಾಬೇಸ್), ಮೇಲ್‌ಪಿಟ್ (ಮೇಲ್ ಹಿಡಿದಿಡುವ ಸರ್ವರ್) ಮೂರು ಸರ್ವಿಸ್ ಬರೆಯಬೇಕು. ಮೇಲ್‌ಪಿಟ್ 1025ನೇ ಪೋರ್ಟಿನಲ್ಲಿ ಮೇಲ್ ತೆಗೆದುಕೊಂಡು 8025ನೇ ಪೋರ್ಟಿನಲ್ಲಿ ತೋರಿಸುತ್ತದೆ. ಕಂಟೇನರಿನ ಪೋರ್ಟನ್ನು ಹೊರಗಿನ ಬ್ರೌಸರಿಗೆ ತಲುಪಿಸುವ ಪೋರ್ಟ್ ಫಾರ್ವರ್ಡ್ ಪಟ್ಟಿಯಲ್ಲಿ ಬರೀ 8025 ಬರೆದರೆ ಅದು ಆ್ಯಪ್‌ನ ಕಂಟೇನರಿನಲ್ಲೇ ಹುಡುಕುತ್ತದೆ. ‘ಮೇಲ್‌ಪಿಟ್:8025’ ಎಂದು ಸರ್ವಿಸ್ ಹೆಸರು ಸೇರಿಸಿ ಬರೆಯಿರಿ. ಕಲಿಯುವವರು ‘ರೀಓಪನ್ ಇನ್ ಕಂಟೇನರ್’ ಒತ್ತಿದರೆ ಸಾಕು. ಮೊದಲ ಸಲ ಇಮೇಜ್ ಇಳಿಯುವ ತನಕ ಕಾಯಬೇಕು, ಅಷ್ಟೇ.

ಕೈಕೊಡುವ ಜಾಗಗಳೂ ಇವೆ. ಆ್ಯಪ್ ಒಳಗಿನಿಂದ ಡೇಟಾಬೇಸ್‌ಗೆ ಲೋಕಲ್‌ಹೋಸ್ಟ್ (ತಾನಿರುವ ಯಂತ್ರವೇ ಎಂದರ್ಥ) ಎಂದು ಕೊಟ್ಟರೆ ಸಂಪರ್ಕವಾಗುವುದಿಲ್ಲ, ಅಲ್ಲೂ ಸರ್ವಿಸ್ ಹೆಸರೇ ಬೇಕು. ಪೋಸ್ಟ್‌ಗ್ರೆಸ್ ಏಳುವ ಮೊದಲೇ ಮೈಗ್ರೇಶನ್ (ಡೇಟಾಬೇಸಿನ ಟೇಬಲ್ ಕಟ್ಟುವ ಸ್ಕ್ರಿಪ್ಟ್) ಓಡಿ ಬೀಳುವುದನ್ನು, ಡೇಟಾಬೇಸ್ ಸಿದ್ಧವೇ ಎಂದು ನೋಡುವ ಪಿಜಿ_ಇಸ್‌ರೆಡಿ ಹೆಲ್ತ್‌ಚೆಕ್ ಇಟ್ಟು, ಅದು ಸರಿಯೆನ್ನುವ ತನಕ ಆ್ಯಪ್ ಕಾಯುವಂತೆ ಕಂಪೋಸ್ ಫೈಲಿನಲ್ಲಿ ಬರೆದು ತಡೆಯಬಹುದು. ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಮೊದಲೇ ಇನ್‌ಸ್ಟಾಲ್ ಆಗಿದ್ದ, ಪಾಸ್‌ವರ್ಡ್ ಹ್ಯಾಶ್ ಮಾಡುವ ಬಿಕ್ರಿಪ್ಟ್ ಲೈಬ್ರರಿಯ ಹಳೆಯ ಆವೃತ್ತಿ (6ಕ್ಕಿಂತ ಮೊದಲಿನದು) ಕಂಟೇನರಿನೊಳಗೆ ‘ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್’ ಎನ್ನುತ್ತದೆ, ಏಕೆಂದರೆ ಅದು ಬೇರೆ ಆಪರೇಟಿಂಗ್ ಸಿಸ್ಟಮ್‌ಗೆ ಕಂಪೈಲ್ ಆದದ್ದು. ಹಾಗಾಗಿ ಲೈಬ್ರರಿಗಳಿರುವ ನೋಡ್_ಮಾಡ್ಯೂಲ್ಸ್ ಫೋಲ್ಡರನ್ನು ಪ್ರತ್ಯೇಕ ವಾಲ್ಯೂಮ್‌ಗೆ (ಡಾಕರ್ ನೋಡಿಕೊಳ್ಳುವ ಸಂಗ್ರಹ ಜಾಗ) ಹಾಕಿ. ಆ ವಾಲ್ಯೂಮ್ ರೂಟ್ ಹೆಸರಿನಲ್ಲಿ ಹುಟ್ಟುವುದರಿಂದ ಎನ್‌ಪಿಎಂ ಓಡಿಸುವ ಮುನ್ನ ಚೌನ್ ಮಾಡಿ ಮಾಲೀಕತ್ವ ಬದಲಿಸಲೇಬೇಕು. ತುಂಬಾ ಪಾಠಗಳು ಇದನ್ನು ಬಿಟ್ಟುಬಿಡುತ್ತವೆ.

ಇದರ ನಿಜವಾದ ಬಲ ಲೋಕಲ್‌ಹೋಸ್ಟ್ ವಿಳಾಸ. ಎಚ್‌ಟಿಟಿಪಿ ಆಗಿದ್ದರೂ ಕ್ರೋಮ್, ಫೈರ್‌ಫಾಕ್ಸ್ ಅಲ್ಲಿ ಸೆಕ್ಯೂರ್ ಕುಕಿಯನ್ನು, ಅಂದರೆ ಎಚ್‌ಟಿಟಿಪಿಎಸ್‌ಗೆ ಮಾತ್ರ ಮೀಸಲಾದ ಕುಕಿಯನ್ನು, ಒಪ್ಪುತ್ತವೆ (ಸಫಾರಿ ಒಪ್ಪುವುದಿಲ್ಲ). ಪಾಸ್‌ಕೀ (ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವ ವಿಧಾನ) ಪಾಠವೂ ನಡೆಯುತ್ತದೆ. ಆದರೆ 127.0.0.1 ಎಂದು ತೆರೆದರೆ ಬ್ರೌಸರಿಗೆ ಅದು ಬೇರೆಯೇ ಹೋಸ್ಟ್: ಲಾಗಿನ್ ಆದ ಕುಕಿ ಕಾಣುವುದಿಲ್ಲ, ಐಪಿ ವಿಳಾಸಕ್ಕೆ ಪಾಸ್‌ಕೀಯೂ ಆಗುವುದಿಲ್ಲ. ಪಾಠದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ವಿಳಾಸ ಬಳಸಿ.

ಅದೇ ಜೇಸನ್ ಫೈಲನ್ನು, ಕಂಟೇನರನ್ನು ಕ್ಲೌಡ್‌ನಲ್ಲಿ ಓಡಿಸುವ ಗಿಟ್‌ಹಬ್ ಕೋಡ್‌ಸ್ಪೇಸಸ್‌ನಲ್ಲೂ ತೆರೆಯಬಹುದು. ಕಡಿಮೆ ರ‍್ಯಾಮ್ ಇರುವವರಿಗೆ ಇದೇ ದಾರಿ. ವೈಯಕ್ತಿಕ ಉಚಿತ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಸಿಗುತ್ತದೆ, ಅಂದರೆ 2 ಕೋರ್‌ನ ಯಂತ್ರದಲ್ಲಿ 60 ಗಂಟೆ. ತೊಂದರೆ ಏನೆಂದರೆ ಹೊರಗಿನ ವಿಳಾಸ ಎಚ್‌ಟಿಟಿಪಿಎಸ್, ಒಳಗಿನ ಸರ್ವರ್ ಎಚ್‌ಟಿಟಿಪಿ. ಸೆಕ್ಯೂರ್ ಎಂದು ಗುರುತು ಮಾಡಿದ ಸೆಷನ್ ಕುಕಿಯನ್ನು ನೋಡ್‌ನ ಸೆಷನ್ ಲೈಬ್ರರಿಯಾದ ಎಕ್ಸ್‌ಪ್ರೆಸ್-ಸೆಷನ್ ಕಳಿಸುವುದೇ ಇಲ್ಲ, ಯಾವ ಎರರ್ ಕೂಡ ಬರುವುದಿಲ್ಲ. ಮುಂದಿರುವ ಪ್ರಾಕ್ಸಿಯ ಎಚ್‌ಟಿಟಿಪಿಎಸ್ ಮಾಹಿತಿಯನ್ನು ನಂಬು ಎನ್ನುವ ಎಕ್ಸ್‌ಪ್ರೆಸ್‌ನ ‘ಟ್ರಸ್ಟ್ ಪ್ರಾಕ್ಸಿ’ ಸೆಟ್ಟಿಂಗನ್ನು 1 ಮಾಡಿದರೆ ಸರಿಹೋಗುತ್ತದೆ. ಓಆತ್ (ಬೇರೆ ಸೈಟಿನ ಖಾತೆಯಿಂದ ಲಾಗಿನ್ ಆಗುವುದು) ಪಾಠ ಮಾತ್ರ ಇಲ್ಲಿ ಕಿರಿಕಿರಿ, ಏಕೆಂದರೆ ಹೊಸ ಕೋಡ್‌ಸ್ಪೇಸ್ ತೆರೆದಾಗಲೆಲ್ಲ ವಿಳಾಸ ಬದಲಾಗಿ, ನೋಂದಾಯಿಸಿದ ರೀಡೈರೆಕ್ಟ್ ವಿಳಾಸಕ್ಕೆ ಹೊಂದುವುದಿಲ್ಲ.

ಎರಡನೇ ಹಂತದ ಲಾಗಿನ್‌ಗೆ ಸಮಯದಿಂದ ಲೆಕ್ಕ ಹಾಕುವ ಟಿಓಟಿಪಿ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಲ್ಯಾಪ್‌ಟಾಪ್ ಸ್ಲೀಪ್‌ನಿಂದ ಎದ್ದ ಮೇಲೆ ಡಾಕರ್ ಡೆಸ್ಕ್‌ಟಾಪ್‌ನ ಗಡಿಯಾರ ಹಿಂದೆ ಬಿದ್ದಿದ್ದರೆ ಸರಿಯಾದ ಕೋಡೂ ತಪ್ಪೆಂದು ಬರುತ್ತದೆ. ಕಂಟೇನರಿನ ಒಳಗೂ ಹೊರಗೂ ಡೇಟ್ ಕಮಾಂಡ್ ಕೊಟ್ಟು ಹೋಲಿಸಿ, ವ್ಯತ್ಯಾಸವಿದ್ದರೆ ಡಾಕರ್ ರೀಸ್ಟಾರ್ಟ್ ಮಾಡಿ.

ಪಾಸ್‌ವರ್ಡ್ ಹ್ಯಾಶ್ ಒಂದನ್ನೇ ತೋರಿಸುವ ಸಣ್ಣ ಪಾಠಕ್ಕೆ ಇಷ್ಟೆಲ್ಲ ಬೇಡ. ಬ್ರೌಸರಿನಲ್ಲೇ ಓಡುವ ಸ್ಟ್ಯಾಕ್‌ಬ್ಲಿಟ್ಜ್ ಸಾಕು, ಆದರೆ ಅಲ್ಲಿ ನೇಟಿವ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಮ್‌ಗೆಂದು ಕಂಪೈಲ್ ಆದ ಲೈಬ್ರರಿ) ಓಡದ ಕಾರಣ ಬಿಕ್ರಿಪ್ಟ್ ಬದಲು ಬಿಕ್ರಿಪ್ಟ್‌ಜೆಎಸ್ ಹಾಕಿಕೊಳ್ಳಿ.