ಫ್ರೆಂಚ್ ಬಾರದವರ ಕೈಯಲ್ಲಿ ಫ್ರೆಂಚ್ ಸ್ಕ್ರ್ಯಾಬಲ್

ಪಿಯುಸಿಯಲ್ಲಿ ಫ್ರೆಂಚ್ ಆರಿಸಿಕೊಂಡಿರುವ ಅಕ್ಕನ ಮಗಳಿಗೆಂದು, ಅಕ್ಷರದ ಬಿಲ್ಲೆಗಳನ್ನು ಹಾಸಿನ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಫ್ರೆಂಚ್ ಆವೃತ್ತಿಯನ್ನು ತರಿಸಿದೆ; ಎರಡು ತಿಂಗಳಿಂದ ಅವಳೆದುರು ಆಡುತ್ತಿರುವವನು ಆ ಭಾಷೆಯನ್ನು ಎಂದೂ ಕಲಿಯದ ನಾನು. ನ್ಯೂಜಿಲೆಂಡ್ ಮೂಲದ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ, ಸುಮಾರು ಒಂಬತ್ತು ವಾರ ಪದಪಟ್ಟಿಯನ್ನು ಮನನ ಮಾಡಿ, 2015ರಲ್ಲಿ ಬೆಲ್ಜಿಯಂನಲ್ಲಿ ನಡೆದ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದೇ ನನಗೆ ಧೈರ್ಯ ಕೊಟ್ಟಿತು. 2024ರಲ್ಲಿ ಅವರು ಸ್ಪ್ಯಾನಿಷ್ ಪ್ರಶಸ್ತಿಯನ್ನೂ ಹಾಗೆಯೇ ಗೆದ್ದರು.

ಇಂಗ್ಲಿಷ್ ಆಟ ಬಲ್ಲವರಿಗೆ ಹಾಸು ಹೊಸದಲ್ಲ. ಅವೇ 15×15 ಮನೆಗಳು. ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಟ್ಟರೆ ಅದೇ 50 ಹೆಚ್ಚುವರಿ ಅಂಕ. ಬದಲಾಗಿರುವುದು ಚೀಲದೊಳಗಿನ ಲೆಕ್ಕ: 100ರ ಬದಲು 102 ಬಿಲ್ಲೆಗಳಿವೆ, 'ಇ' ಅಕ್ಷರ 12ರಿಂದ 15ಕ್ಕೆ ಏರಿದೆ, ಇಂಗ್ಲಿಷ್‌ನಲ್ಲಿ 5 ಮತ್ತು 4 ಅಂಕ ತರುವ 'ಕೆ', 'ಡಬ್ಲ್ಯು' ಇಲ್ಲಿ ತಲಾ 10 ಅಂಕ ತರುತ್ತವೆ. ಫ್ರೆಂಚ್ ಅಕ್ಷರಗಳ ಮೇಲಿನ ಉಚ್ಚಾರದ ಗುರುತುಗಳನ್ನು (é, è ಮೊದಲಾದವು) ಆಟದಲ್ಲಿ ಪರಿಗಣಿಸುವುದಿಲ್ಲವಾದ್ದರಿಂದ ಭಾಷೆ ಬಾರದವರ ಹೊರೆ ಬಹಳ ಹಗುರಾಗುತ್ತದೆ.

ನಿಜವಾದ ಸೊಗಸಿರುವುದು ಕ್ರಿಯಾಪದಗಳಲ್ಲಿ. ಕನ್ನಡದಲ್ಲಿ 'ಬರುತ್ತೇನೆ', 'ಬರುತ್ತೀರಿ' ಎಂದು ಕೊನೆ ಬದಲಾಗುವಂತೆ ಫ್ರೆಂಚ್‌ನಲ್ಲೂ ಬದಲಾಗುತ್ತದೆ, ಆ ರೂಪಗಳೆಲ್ಲವೂ ಆಟದಲ್ಲಿ ಸಲ್ಲುತ್ತವೆ. ಒಂದು ಸಂಜೆ ಅವಳು, ನಮಗೆ ಬಿಸ್ಕತ್ತಿನ ಹೆಸರಾಗಿ ಪರಿಚಿತವಾದ 'ಪಾರ್ಲೆ'ಯ ಐದು ಅಕ್ಷರಗಳನ್ನು ಜೋಡಿಸಿದಳು; ನಾನು ಕೊನೆಗೊಂದು 'ಜೆಡ್' ಇಟ್ಟು 17 ಅಂಕ ಪಡೆದೆ. "ಮಾಮ, ಅದಕ್ಕೆ 'ನೀವು ಮಾತಾಡ್ತೀರಿ' ಅಂತ ಅರ್ಥ" ಎಂದಳು. ನನಗೆ ತಿಳಿದಿದ್ದದ್ದು ಆ ಕೊನೆ ಮಾತ್ರ.

ಆದರೆ ಅವಳ ಕಾಲೇಜಿನ ನಿಘಂಟಿನಲ್ಲಿ ಆ ಪದ ಸಿಗಲಿಲ್ಲ, ಏಕೆಂದರೆ ಸಾಮಾನ್ಯ ನಿಘಂಟುಗಳು ಕ್ರಿಯಾಪದದ ಮೂಲರೂಪವನ್ನಷ್ಟೇ ಮುಖ್ಯ ನಮೂದಾಗಿ ಕೊಡುತ್ತವೆ. ಅರ್ಥದ ಆಸರೆಯಿಲ್ಲದೆ ಆಡುವವರಿಗೆ ಸ್ಪರ್ಧೆಗಳಲ್ಲಿ ಪ್ರಮಾಣವೆಂದು ಒಪ್ಪುವ, ಲಾರೂಸ್ ಪ್ರಕಾಶನದ ಅಧಿಕೃತ ಪದಕೋಶವೇ ಬೇಕು. ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. 'ಕೆ-ಎ', 'ಡಬ್ಲ್ಯು-ಯು' ಮೊದಲಾದ ಎರಡಕ್ಷರದ ಪದಗಳನ್ನು ಬಾಯಿಪಾಠ ಮಾಡಿದ ವಾರವೇ ನನ್ನ ಅಂಕಗಳು ಎದ್ದು ಕಾಣುವಂತೆ ಏರಿದವು. ಪದಕೋಶಕ್ಕೆ ಹಣ ತೆಗೆದಿಡಲಾಗದವರು ಸದ್ಯಕ್ಕೆ ಆಟದ ಪೆಟ್ಟಿಗೆಯನ್ನೂ ಕೊಳ್ಳದಿರುವುದು ಲೇಸು.