ಕೂರ್ಮಗಡಕ್ಕೆ ಯಾವ ದೋಣಿ: ಬೈತಖೋಲದ ಟ್ರಾಲರೋ, ಕೋಡಿಬಾಗದ ಸಣ್ಣ ಬೋಟೋ?

ಶಿರಸಿಯ ತೋಟದ ಮನೆಯಿಂದ ಕಾರವಾರಕ್ಕೆ ನನ್ನ ಬಳಿ ಬಂದಾಗಲೆಲ್ಲ ಆಯಿ (ನನ್ನ ಅಮ್ಮ) ಸಂಜೆ ಕಡಲತೀರದಲ್ಲಿ ನಿಂತು, ನೀರಿನ ಮೇಲೆ ಆಮೆಯ ಬೆನ್ನಿನಂತೆ ಕಾಣುವ ಆ ಗುಡ್ಡವನ್ನೇ ನೋಡುತ್ತಿದ್ದಳು. ಕೂರ್ಮಗಡ. ಅಲ್ಲಿನ ನರಸಿಂಹನಿಗೆ ಮನೆಯ ತೋಟದ ಬಾಳೆಗೊನೆ ಒಪ್ಪಿಸಬೇಕೆಂಬುದು ಅವಳ ಬಹಳ ವರ್ಷಗಳ ಹರಕೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಅವಳನ್ನು ಕರೆದುಕೊಂಡು ಹೋದೆ. ಆಮೇಲೆ ಇನ್ನೆರಡು ಸಲ ಬೇರೆ ದೋಣಿಯಲ್ಲಿ, ಬೇರೆ ಹೊತ್ತಿನಲ್ಲಿ ಅದೇ ದ್ವೀಪಕ್ಕೆ ಹೋಗಿ ಬಂದೆ. ಮೂರೂ ಪ್ರಯಾಣಗಳು ಒಂದಕ್ಕೊಂದು ಇಷ್ಟು ಬೇರೆಯಾಗಿರುತ್ತವೆ ಎಂದು ನಾನು ಎಣಿಸಿರಲಿಲ್ಲ.

ಮೊದಲು ಜಾಗದ ವಿಷಯ ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆಯೇ ನಿಂತಿದೆ. ಬೈತಖೋಲ ಬಂದರು ಊರಿನ ದಕ್ಷಿಣಕ್ಕೆ, ಕೊಲ್ಲಿಯ ಮರೆಯಲ್ಲಿದೆ. ಕೋಡಿಬಾಗ ಉತ್ತರಕ್ಕೆ, ಕಾಳಿ ನದಿಯ ದಂಡೆಯಲ್ಲಿದೆ. ಬೈತಖೋಲದಿಂದ ಹೊರಟ ಬೋಟು ಸಮುದ್ರದಲ್ಲೇ ಹೊರಟು ಸಮುದ್ರದಲ್ಲೇ ಸಾಗುತ್ತದೆ. ಕೋಡಿಬಾಗದಿಂದ ಹೊರಟದ್ದು ನದಿಯಲ್ಲಿ ಶುರುಮಾಡಿ, ಅಳಿವೆ ದಾಟಿ ಕಡಲಿಗೆ ಬರಬೇಕು. ನಕ್ಷೆಯಲ್ಲಿ ಕೋಡಿಬಾಗವೇ ಹತ್ತಿರ. ಆದರೆ ಅಳಿವೆಯ ಆ ತುಣುಕು ದಾರಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಅಳೆಯಲು ಬರುವುದಿಲ್ಲ.

ಜಾತ್ರೆಯ ದಿನ ನಾವು ಬೈತಖೋಲದಿಂದ ಹೋದೆವು. ಮೀನುಗಾರರು ಆ ದಿನ ಬಲೆ ಇಳಿಸದೆ, ಟ್ರಾಲರಿಗೆ ಮಾವಿನ ತೋರಣ, ಹೂಮಾಲೆ ಕಟ್ಟಿ ಭಕ್ತರನ್ನು ಹತ್ತಿಸಿಕೊಳ್ಳುತ್ತಿದ್ದರು. ಬೋಟು ಹತ್ತುವ ಧಕ್ಕೆಯ ಮೇಲೆ ಪೊಲೀಸರು ನಿಂತು, ಲೈಫ್ ಜಾಕೆಟ್ ತೊಡದ ಯಾರನ್ನೂ ಬಿಡುತ್ತಿರಲಿಲ್ಲ. ತಲೆ ಎಣಿಸಿ, ಸಾಕು ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಆಯಿ ನವಾರಿ ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಬಾಳೆಗೊನೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಲೆಯ ರಾಶಿಗೆ ಒರಗಿ ಕುಳಿತಳು. ಬೋಟು ಭಾರವಾದದ್ದು. ಅಲೆಯನ್ನು ಸೀಳುವುದಿಲ್ಲ, ಅದರ ಮೇಲೆ ನಿಧಾನವಾಗಿ ಏರಿ ಇಳಿಯುತ್ತದೆ. ಡೀಸೆಲ್ ಹೊಗೆಯ ವಾಸನೆ ಇತ್ತು, ಮೀನಿನ ವಾಸನೆಯೂ ಇತ್ತು. ಘಟ್ಟದ ಮೇಲಿನ ಹೊಟ್ಟೆಗೆ ಅದು ಸುಲಭವಲ್ಲ. ಆದರೂ ಅರ್ಧ ಗಂಟೆಯ ದಾರಿಯಲ್ಲಿ ಆಯಿ ಒಮ್ಮೆಯೂ ಕಂಬ ಹಿಡಿಯಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಟ್ರಾಲರಿನ ತೊಡಕು ಎದುರಾಗುವುದು ದ್ವೀಪ ಮುಟ್ಟುವ ಹೊತ್ತಿಗೆ. ದೊಡ್ಡ ಬೋಟಿಗೆ ಆಳ ಬೇಕು. ಅದು ಬಂಡೆಗಳ ಬಳಿಗೆ ಬರಲಾರದು. ದೂರದಲ್ಲೇ ನಿಲ್ಲಿಸಿ, ಪಾತಿ ಎಂಬ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಒಯ್ಯುತ್ತಾರೆ. ಎರಡು ದೋಣಿಗಳೂ ಬೇರೆ ಬೇರೆ ಲಯದಲ್ಲಿ ತೂಗುತ್ತಿರುವಾಗ ಒಂದರಿಂದ ಇನ್ನೊಂದಕ್ಕೆ ಕಾಲಿಡುವುದು ವಯಸ್ಸಾದವರಿಗೆ ನಿಜವಾಗಿಯೂ ಕಷ್ಟ. ಬೋಟು ನಡೆಸುವ ತಾಂಡೇಲರು ಆಯಿಯ ಮೊಣಕೈ ಹಿಡಿದು, "ಅಮ್ಮಾ, ನಾನು ಹೇಳುವವರೆಗೆ ಕಾಲು ಎತ್ತಬೇಡಿ" ಎಂದರು. ಎರಡು ಅಲೆ ಹೋಗಲು ಬಿಟ್ಟರು. ಮೂರನೆಯದಕ್ಕೆ ಪಾತಿ ಮೇಲೆದ್ದು ಟ್ರಾಲರಿನ ಅಂಚಿಗೆ ಸಮನಾದಾಗ "ಈಗ" ಎಂದರು. ಆಯಿ ಅಂಗಳದಿಂದ ಜಗಲಿಗೆ ಹತ್ತಿದಷ್ಟೇ ಸಲೀಸಾಗಿ ದಾಟಿದಳು. ಬಾಳೆಗೊನೆ ಹಿಂದಿನಿಂದ ಕೈಯಿಂದ ಕೈಗೆ ಬಂತು. ಹಣ ಎಷ್ಟು ಎಂದು ಕೇಳಿದಾಗ, ದೇವರ ಕೆಲಸ ಎಂದು ಅವರು ತೆಗೆದುಕೊಳ್ಳಲಿಲ್ಲ.

ಎರಡನೆಯ ಸಲ ಹೋದದ್ದು ಫೆಬ್ರವರಿಯಲ್ಲಿ, ಅಕ್ಕನ ಮಗ ಮತ್ತು ಅವನ ಗೆಳೆಯರ ಜೊತೆ. ಕೋಡಿಬಾಗದಿಂದ ಔಟ್‌ಬೋರ್ಡ್ ಎಂಜಿನಿನ ಫೈಬರ್ ಬೋಟು. ಬಾಡಿಗೆ ತಲೆಗೆ ಇಷ್ಟೆಂದಲ್ಲ, ಬೋಟಿಗೆ ಇಷ್ಟೆಂದು. ಆರೇಳು ಜನ ಇದ್ದರೆ ಹೊರೆಯಾಗುವುದಿಲ್ಲ. ಬೆಳಿಗ್ಗೆ ಹೋಗುವಾಗ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಸದಾಶಿವಗಡದ ಗುಡ್ಡ ಹಿಂದೆ ಸರಿಯಿತು, ದೇವಬಾಗದ ಗಾಳಿಮರಗಳು ಬಲಕ್ಕೆ ಹಾದುಹೋದವು, ಅಳಿವೆ ಕನ್ನಡಿಯಂತಿತ್ತು. ಬೋಟು ನೇರ ದಡದ ಮರಳಿಗೇ ಮೂತಿ ಊರಿತು. ಮೊಣಕಾಲು ನೀರಿಗೆ ಇಳಿದು ನಡೆದೆವು. ಪಾತಿಗೆ ದಾಟುವ ತೊಂದರೆಯೇ ಇಲ್ಲ. ಆ ಕ್ಷಣಕ್ಕೆ ನಾನು ಟ್ರಾಲರನ್ನು ಮರೆತೇಬಿಟ್ಟಿದ್ದೆ.

ಮರಳುವಾಗ ಮೂರೂವರೆ ಗಂಟೆ. ಅಳಿವೆಯ ಬಾಯಿಯಲ್ಲಿ ಬಿಳಿನೊರೆಯ ಸಾಲುಗಳು ಎದ್ದು ನಿಂತಿದ್ದವು. ಅಲೆಗಳು ಎತ್ತರ ಎನ್ನುವುದಕ್ಕಿಂತ ಕಡಿದಾಗಿದ್ದವು, ಒಂದರ ಹಿಂದೆ ಒಂದು ಒತ್ತಾಗಿ ಬರುತ್ತಿದ್ದವು. ಹಿಂದಿನಿಂದ ಬಂದ ಅಲೆ ಬೋಟಿನ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಿರುಗಿಸಲು ನೋಡಿತು. ಬೋಟಿನ ಹುಡುಗ ಜಾಣ. ಎಂಜಿನ್ ವೇಗ ಇಳಿಸಿ, ಅಲೆಯ ಬೆನ್ನ ಮೇಲೆಯೇ ಕೂರಿಸಿಕೊಂಡು ಒಳಗೆ ತಂದ. ಆದರೆ ಅವನು ನಮಗೆ ಜಾಕೆಟುಗಳನ್ನು ಕೊಟ್ಟದ್ದು ನಾನು ಕೇಳಿದ ಮೇಲೆ, ಮತ್ತು ಅವುಗಳಲ್ಲಿ ಎರಡಕ್ಕೆ ಪಟ್ಟಿಯ ಕೊಕ್ಕೆ ಮುರಿದಿತ್ತು. ಜೊತೆಗಿದ್ದ ಮಕ್ಕಳ ಮುಖ ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಅದೇಕೆ ಹಾಗಾಯಿತು ಎಂಬುದು ಆಮೇಲೆ ಬೈತಖೋಲದ ಅದೇ ತಾಂಡೇಲರನ್ನು ಕೇಳಿದಾಗ ತಿಳಿಯಿತು. ನಾವು ಹೋದದ್ದು ಅಮಾವಾಸ್ಯೆಯ ಮರುದಿನ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಹೆಚ್ಚು. ಆ ದಿನಗಳಲ್ಲಿ ಇಲ್ಲಿ ಉಬ್ಬರ ತುಂಬುವುದು ಸುಮಾರು ಮಧ್ಯಾಹ್ನದ ಹೊತ್ತಿಗೆ. ಅಲ್ಲಿಂದ ಸಂಜೆಯವರೆಗೆ ಇಳಿತ. ಅಂದರೆ ಕಾಳಿಯೊಳಗೆ ತುಂಬಿದ್ದ ನೀರೆಲ್ಲ ಅಳಿವೆಯ ಬಾಯಿಯಿಂದ ಹೊರಗೆ ನುಗ್ಗುತ್ತಿರುತ್ತದೆ. ಬೇಸಗೆಯ ಮುನ್ನಿನ ಈ ತಿಂಗಳುಗಳಲ್ಲಿ ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಅದು ಅಲೆಯನ್ನು ಒಳಗೆ ತಳ್ಳುತ್ತದೆ. ಒಂದಕ್ಕೊಂದು ಎದುರಾದಾಗ ಅಲೆಯ ಉದ್ದ ಕುಗ್ಗಿ ಅದು ಕಡಿದಾಗುತ್ತದೆ, ಕೆಳಗೆ ಮರಳಿನ ದಿಬ್ಬವಿದ್ದರೆ ಅಲ್ಲೇ ಮುರಿಯುತ್ತದೆ. ಬೆಳಗ್ಗೆ ಕನ್ನಡಿಯಾಗಿದ್ದ ಜಾಗವೇ ಅದು.

ಆ ಮಾತು ಕೇಳುವಾಗ 2019ರ ನೆನಪು ಬಾರದೆ ಇರಲಿಲ್ಲ. ಆ ವರ್ಷದ ಜನವರಿ 21ರಂದು, ಇದೇ ಜಾತ್ರೆಯ ದಿನ, ಕೂರ್ಮಗಡದ ಯಾತ್ರಿಕರ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಧಕ್ಕೆಯ ಮೇಲೆ ಪೊಲೀಸರು ತಲೆ ಎಣಿಸುವಾಗ ಬೇಸರ ಪಡುವವರನ್ನು ನಾನು ಜಾತ್ರೆಯಲ್ಲಿ ಕಂಡೆ. ದಯವಿಟ್ಟು ಬೇಸರ ಪಡಬೇಡಿ. ಆ ಎಣಿಕೆಗಾಗಿ ಒಂದು ಗಂಟೆ ಬಿಸಿಲಿನಲ್ಲಿ ನಿಂತರೂ ಅದು ಹೆಚ್ಚಲ್ಲ.

ಮೂರನೆಯ ಸಲ ಪಂಚಾಂಗ ನೋಡಿಯೇ ಹೊರಟೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಕಳೆದು ಚೌತಿಯ ಹೊತ್ತಿಗೆ ಅದು ಮಧ್ಯಾಹ್ನ ಎರಡರ ಮೇಲೆ ಬೀಳುತ್ತದೆ. ಮತ್ತೆ ಕೋಡಿಬಾಗದಿಂದಲೇ, ಆದರೆ ಬೇರೆ ಬೋಟು. ಹತ್ತುವ ಮೊದಲು ಜಾಕೆಟುಗಳನ್ನು ಒಂದೊಂದಾಗಿ ತೊಟ್ಟು, ಕೊಕ್ಕೆ ಎಳೆದು ನೋಡಿದೆ. ಒಂಬತ್ತಕ್ಕೆ ಹೊರಟು, ಒಂದು ಗಂಟೆಗೆ ದ್ವೀಪ ಬಿಟ್ಟೆವು. ಏರುವ ನೀರು ನಮ್ಮನ್ನು ತಾನೇ ಒಳಗೆ ಕರೆದುಕೊಂಡು ಬಂತು. ಗಾಳಿ ಇತ್ತು, ಮುರಿಯುವ ಅಲೆ ಇರಲಿಲ್ಲ. ಜಾತ್ರೆಯ ದಿನ ನೂಕುನುಗ್ಗಲಿನಲ್ಲಿ ಕಾಣದ ಗುಡಿಯ ಅಂಗಳದಲ್ಲಿ ಆ ದಿನ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ, ಸುತ್ತ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಆ ಅರ್ಧ ಗಂಟೆಯನ್ನು ಯಾವ ಟ್ರಾಲರೂ ಕೊಡಲಾರದು.

ದ್ವೀಪಕ್ಕೆ ಹೋಗುವುದೆಂದರೆ ಕೂರ್ಮಗಡವೊಂದೇ ಅಲ್ಲ ಎನ್ನುವವರಿಗೆ ಎರಡು ಮಾತು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ಡೈವಿಂಗ್ ಬೋಟಿನಲ್ಲೂ ಹೋಗಿದ್ದೇನೆ. ಅದು ತೆರೆದ ಕಡಲಲ್ಲಿ ಒಂದೂವರೆ ಗಂಟೆಯ ದಾರಿ. ನಮ್ಮನ್ನು ದ್ವೀಪದ ಪಕ್ಕದ ನೀರಿಗೆ ಇಳಿಸಿದರೇ ಹೊರತು ನೆಲಕ್ಕೆ ಇಳಿಸಲಿಲ್ಲ. ಮೀನು, ಹವಳ ನೋಡುವವರಿಗೆ ಅದು ಸರಿ. ಆಯಿಯಂಥವರಿಗೆ ಅಲ್ಲ. ದೋಣಿಯ ಸುಖವಷ್ಟೇ ಸಾಕು ಎಂದರೆ ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ದೋಣಿಯೇ ನನ್ನ ಆಯ್ಕೆ. ಬೈಕು ಸಮೇತ ಹತ್ತಬಹುದು, ಕುಮಟಾ ಸುತ್ತಿ ಹೋಗುವುದು ತಪ್ಪುತ್ತದೆ, ಅಳಿವೆಯ ಒಳಗೇ ಸಾಗುವುದರಿಂದ ಅಲೆಯ ಭಯವಿಲ್ಲ. ಇಳಿತದ ಹೊತ್ತಾದರೆ ಸೊಂಟಮಟ್ಟ ನೀರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರನ್ನೂ ಕಾಣಬಹುದು.

ಕೂರ್ಮಗಡದ ಮಟ್ಟಿಗೆ ನನ್ನ ಆಯ್ಕೆ ದಿನವನ್ನು ನೋಡಿಕೊಂಡು. ಜಾತ್ರೆ ಬೀಳುವುದು ಹುಣ್ಣಿಮೆಗೇ. ಅಂದರೆ ಮರಳುವ ಹೊತ್ತಿಗೆ ಇಳಿತ, ಗಾಳಿ ಎರಡೂ ಸೇರುವುದು ಖಂಡಿತ. ಆ ದಿನ ಅಳಿವೆಯನ್ನು ದಾಟಬೇಕಾಗದ ಬೈತಖೋಲವೇ ಸರಿ, ಪಾತಿಗೆ ಇಳಿಯುವ ಆ ಒಂದು ಹೆಜ್ಜೆಯ ಕಷ್ಟವಿದ್ದರೂ. ದ್ವೀಪವನ್ನೇ ನೋಡಬೇಕು ಎಂದರೆ ಚೌತಿ, ಪಂಚಮಿಯ ಬೆಳಗ್ಗೆ ಕೋಡಿಬಾಗದಿಂದ ಸಣ್ಣ ಬೋಟು, ಮಧ್ಯಾಹ್ನದ ಊಟಕ್ಕೆ ದಡದಲ್ಲಿರುವಂತೆ. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಸಣ್ಣ ಬೋಟು ಬೇಡವೇ ಬೇಡ, ಯಾರು ಎಷ್ಟು ಕಡಿಮೆಗೆ ಕರೆದರೂ.

ಆಯಿ ಬರುವ ಪುಷ್ಯಕ್ಕೆ ತೋಟದಲ್ಲಿ ಈಗಲೇ ಒಂದು ಬಾಳೆಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿದ್ದಾಳೆ. ತಾಂಡೇಲರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಏಳಕ್ಕೆ ಧಕ್ಕೆಯ ಬಳಿ ಬನ್ನಿ, ಅಮ್ಮನಿಗೆ ಬಲೆಯ ಪಕ್ಕದ ಜಾಗ ಇಟ್ಟಿರುತ್ತೇನೆ ಎಂದರು.