ಕುಕೀ ಕ್ಲಿಕ್ಕರ್, ಅಡ್ವೆಂಚರ್ ಕ್ಯಾಪಿಟಲಿಸ್ಟ್: ಯಾವುದರ ಬೋನಸ್ ಕೈಯಲ್ಲಿ ಉಳಿಯುತ್ತೆ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಕುಕೀ ಕ್ಲಿಕ್ಕರ್‌ಗೆ. 2013ರ ಆಗಸ್ಟ್‌ನಲ್ಲಿ ಬ್ರೌಸರ್‌ಗೆ ಬಂದ ಆಟ ಅದು, ಒತ್ತುತ್ತಾ ಕುಕೀ ಕೂಡಿಸಿ, ತಾನಾಗಿ ಕುಕೀ ಮಾಡೋ ಕಟ್ಟಡ ಕೊಳ್ಳೋದು. ಮರುವರ್ಷ ಬಂದ ಅಡ್ವೆಂಚರ್ ಕ್ಯಾಪಿಟಲಿಸ್ಟ್ ಕಳಪೆ ಏನಲ್ಲ, ಮೊದಲೆರಡು ದಿನ ಅದರಲ್ಲೇ ಮಜಾ ಹೆಚ್ಚು. ಆದರೆ ಕೂಡಿಟ್ಟ ಬೋನಸ್ಸನ್ನು ಖರ್ಚು ಮಾಡೋ ಹೊತ್ತಿಗೆ ಎರಡರ ಬಣ್ಣವೂ ಬಯಲಾಗುತ್ತೆ.

ಅಡ್ವೆಂಚರ್‌ನಲ್ಲಿ ರೀಸೆಟ್ ಮಾಡಿದರೆ, ಅಂದರೆ ಮೊದಲಿಂದ ಶುರು ಮಾಡಿದರೆ, ಏಂಜೆಲ್ ಹೂಡಿಕೆದಾರರು ಸಿಗ್ತಾರೆ, ಒಬ್ಬೊಬ್ಬರಿಂದ ಲಾಭಕ್ಕೆ 2% ಹೆಚ್ಚುವರಿ. ಅದೇ ಏಂಜೆಲ್‌ಗಳನ್ನು ಬಲಿಕೊಟ್ಟು ಕೊಳ್ಳುವ ಅಪ್‌ಗ್ರೇಡ್‌ಗಳೂ ಇವೆ. ಎಡವಟ್ಟಾಗೋದು ಇಲ್ಲೇ. 10,000 ಏಂಜೆಲ್ ಕೊಟ್ಟರೆ ಎಲ್ಲ ಲಾಭ ಮೂರು ಪಟ್ಟು ಅನ್ನೋ ಅಪ್‌ಗ್ರೇಡನ್ನೇ ತಗೊಳ್ಳಿ. ನಿಮ್ಮ ಹತ್ತಿರ 12,000 ಏಂಜೆಲ್ ಇದ್ದರೆ ಲಾಭ 241 ಪಟ್ಟು (ಏಂಜೆಲ್‌ಗಳಿಂದ 240, ಮೂಲದ್ದು 1). ಕೊಂಡ ಮೇಲೆ ಉಳಿಯೋದು 2,000, ಅಂದರೆ 41 ಪಟ್ಟು. ಅದನ್ನು ಮೂರರಿಂದ ಗುಣಿಸಿದರೂ 123. ‘ಮೂರು ಪಟ್ಟು’ ಅಂತ ಬರೆದ ಗುಂಡಿ ಒತ್ತಿ ಆದಾಯವನ್ನು ಅರ್ಧಕ್ಕೆ ಇಳಿಸಿಕೊಂಡಂತಾಯ್ತು. 15,000 ಇದ್ದರೆ 301 ಇದ್ದದ್ದು 303 ಆಗುತ್ತೆ, ಅಲ್ಲಿಗೆ ಸರಿಸಮ. ಒಂದು ಲಕ್ಷ ಇದ್ದಾಗ ಮಾತ್ರ 2,001 ಇದ್ದದ್ದು 5,403ಕ್ಕೆ ಹಾರುತ್ತೆ.

ಇಷ್ಟೇ ಆಗಿದ್ದರೆ ಲೆಕ್ಕ ಹಾಕಿ ಬಚಾವಾಗಬಹುದಿತ್ತು. ಮುಂದಿನ ರೀಸೆಟ್‌ನಲ್ಲಿ ಆ ಅಪ್‌ಗ್ರೇಡೂ ಹೋಗುತ್ತೆ, ಬಲಿಕೊಟ್ಟ ಏಂಜೆಲ್‌ಗಳೂ ವಾಪಸ್ ಬರಲ್ಲ. ಶಾಶ್ವತ ಬೋನಸ್ ಕೊಟ್ಟು ಬಾಡಿಗೆ ಬೋನಸ್ ತಂದ ಹಾಗೆ. ಹಾಗಾಗಿ ಸರಿಸಮದ ಗೆರೆ ದಾಟಿದ ತಕ್ಷಣ ಕೊಳ್ಳಬೇಡಿ. ಬೆಲೆ ನಿಮ್ಮ ಒಟ್ಟು ಏಂಜೆಲ್‌ಗಳ ನೂರರಲ್ಲೊಂದು ಪಾಲಿಗಿಂತ ಕಡಿಮೆಯಾದಾಗ ಕಣ್ಣುಮುಚ್ಚಿ ಒತ್ತಿ. ಅದಕ್ಕೂ ಮುಂಚೆ ಕೊಳ್ಳೋದಾದರೆ ರೀಸೆಟ್ ಮಾಡಿದ ಹೊಸದರಲ್ಲೇ ಕೊಳ್ಳಿ, ಇಡೀ ಸುತ್ತು ಅದರ ಫಲ ಸಿಗುತ್ತೆ. ರೀಸೆಟ್‌ಗೆ ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ ಕೊಂಡರೆ ದುಡ್ಡು ದಂಡ.

ಕುಕೀ ಕ್ಲಿಕ್ಕರ್‌ನಲ್ಲಿ ಈ ತಲೆನೋವೇ ಇಲ್ಲ. ಅಸೆಂಡ್ ಆದಾಗ (ಇಲ್ಲಿನ ರೀಸೆಟ್‌ಗೆ ಅದೇ ಹೆಸರು) ಪ್ರೆಸ್ಟೀಜ್ ಲೆವೆಲ್ಲೂ ಅಷ್ಟೇ ಸಂಖ್ಯೆಯ ಹೆವನ್ಲಿ ಚಿಪ್‌ಗಳೂ ಬರುತ್ತವೆ. ಚಿಪ್ ಎಷ್ಟು ಖರ್ಚು ಮಾಡಿದರೂ ಲೆವೆಲ್ ಇಳಿಯಲ್ಲ, ಒಂದು ಲೆವೆಲ್‌ಗೆ 1% ಹೆಚ್ಚುವರಿ ಉತ್ಪಾದನೆ ಹಾಗೇ ಇರುತ್ತೆ. ಒಂದೇ ಕಿರಿಕಿರಿ: ಆ 1% ಪೂರ್ತಿ ಸಿಗೋಕೆ ಪ್ರತಿ ಸುತ್ತಲ್ಲೂ ಐದು ಅಪ್‌ಗ್ರೇಡನ್ನು ಕುಕೀ ಕೊಟ್ಟು ಕೊಳ್ಳಬೇಕು. 11 ಕುಕೀಗೆ 5%, 1,111ಕ್ಕೆ 25%, 1,11,111ಕ್ಕೆ 50%, 1,11,11,111ಕ್ಕೆ 75%, ಕೊನೆಯದಕ್ಕೆ 1,11,11,11,111 ಕೊಟ್ಟರೆ ನೂರಕ್ಕೆ ನೂರು. ‘ಅಸೆಂಡ್ ಆದೆ, ವೇಗವೇ ಬರಲಿಲ್ಲ’ ಅನ್ನೋರು ಸಾಮಾನ್ಯವಾಗಿ ಇವನ್ನು ಕೊಂಡಿರಲ್ಲ, ಅಥವಾ ಒಂದು ಚಿಪ್‌ನ ‘ಲೆಗಸಿ’ ಅನ್ನೋ ಅಪ್‌ಗ್ರೇಡನ್ನೇ ಬಿಟ್ಟಿರ್ತಾರೆ.

ನಿಧಾನ ಅನ್ನೋ ದೂರು ನಿಜ. ಇಲ್ಲಿನ ಪ್ರೆಸ್ಟೀಜ್ ಘನಮೂಲದ ಲೆಕ್ಕ: ಒಂದನೇ ಲೆವೆಲ್‌ಗೆ ಒಂದು ಲಕ್ಷ ಕೋಟಿ ಕುಕೀ, ಎರಡಕ್ಕೆ ಎಂಟು ಲಕ್ಷ ಕೋಟಿ. ಏಂಜೆಲ್‌ಗಳದ್ದು ವರ್ಗಮೂಲ, ನಾಲ್ಕು ಪಟ್ಟು ಗಳಿಸಿದರೆ ಒಟ್ಟು ದುಪ್ಪಟ್ಟು. ಬೆಲೆ ಏರೋದರಲ್ಲೂ ಅಷ್ಟೇ. ಕುಕೀಯಲ್ಲಿ ಎಲ್ಲ ಕಟ್ಟಡಕ್ಕೂ ಪ್ರತಿ ಖರೀದಿಗೆ 15%, ಅಂದರೆ ಐದು ಕೊಳ್ಳುವಷ್ಟರಲ್ಲಿ ಬೆಲೆ ದುಪ್ಪಟ್ಟು. ಅಡ್ವೆಂಚರ್‌ನ ನಿಂಬೆ ಶರಬತ್ತಿನ ಅಂಗಡಿಗೆ ಬರೀ 7%. ಅಲ್ಲಿ ಅಂಗಡಿಗಳ ಸಂಖ್ಯೆ 25, 50, 100 ಮುಟ್ಟಿದಾಗಲೆಲ್ಲ ಒಂದು ಸಲದ ಲಾಭ ಕೈಗೆ ಬರೋ ಸಮಯ ಅರ್ಧವಾಗುತ್ತೆ, 24ಕ್ಕೆ ನಿಲ್ಲಿಸೋದು ಶುದ್ಧ ದಡ್ಡತನ.

ಕುಕೀ ಕ್ಲಿಕ್ಕರ್‌ನಲ್ಲಿ ಆಗಾಗ ಪರದೆ ಮೇಲೆ ಬರೋ ಗೋಲ್ಡನ್ ಕುಕೀಯನ್ನು ಒತ್ತಿದರೆ ಬಹುಮಾನ ಸಿಗುತ್ತೆ. ಅದು ‘ಲಕ್ಕಿ’ ಕೊಟ್ಟಾಗ ಬರೋದು ನಿಮ್ಮ ದಾಸ್ತಾನಿನ 15% ಅಥವಾ 15 ನಿಮಿಷದ ಉತ್ಪಾದನೆ, ಯಾವುದು ಕಡಿಮೆಯೋ ಅದು, ಮೇಲೆ 13 ಕುಕೀ ಕೊಸರು. ಸೆಕೆಂಡಿಗೆ 1,000 ಕುಕೀ ಬರ್ತಿದ್ದು ದಾಸ್ತಾನು 10 ಲಕ್ಷ ಇದ್ದರೆ 1,50,013 ಸಿಗುತ್ತೆ, 60 ಲಕ್ಷ ಇದ್ದರೆ 9,00,013. ಅಂದರೆ 6,000 ಸೆಕೆಂಡಿನ ಉತ್ಪಾದನೆ ಮುಟ್ಟದೆ ಇಟ್ಟಿರಬೇಕು. ಉತ್ಪಾದನೆ ಏಳು ಪಟ್ಟಾಗೋ ‘ಫ್ರೆಂಝಿ’ ನಡೆಯುವಾಗ ಲಕ್ಕಿ ಬಿದ್ದರೂ ಪೂರ್ತಿ ಬಾಚಬೇಕು ಅಂದರೆ 42,000 ಸೆಕೆಂಡಿನದ್ದು. ಗೋಲ್ಡನ್ ಕುಕೀ ಶುರುವಿನಲ್ಲಿ 13 ಸೆಕೆಂಡಷ್ಟೇ ಪರದೆ ಮೇಲಿರೋದು, ಹಿಡಿಯೋ ಪುರುಸೊತ್ತಿಲ್ಲದವರು ದಾಸ್ತಾನು ಇಡೋದು ವ್ಯರ್ಥ, ಎಲ್ಲ ಖರ್ಚು ಮಾಡಿ.

ಬೆಕ್ಕಿನ ಮರಿಗಳನ್ನು (ಕಿಟನ್) ಮರೀಬೇಡಿ, ಹಾಲು ಹೆಚ್ಚಿದಷ್ಟೂ ಉತ್ಪಾದನೆ ಹೆಚ್ಚಿಸೋ ಅಪ್‌ಗ್ರೇಡ್‌ಗಳು ಅವು. ಒಂದು ಅಚೀವ್‌ಮೆಂಟ್‌ಗೆ 4% ಹಾಲು. ಹಾಲು 100% ಇದ್ದಾಗ ಮೊದಲ ಮೂರು ಕಿಟನ್‌ಗಳು 1.1, 1.125, 1.15 ಪಟ್ಟು ಕೊಡುತ್ತವೆ. ಇವು ಕೂಡೋದಲ್ಲ, ಗುಣಿಸೋದು: ಒಟ್ಟು ಸುಮಾರು 1.42. ಬೇಕರಿಗೆ ಹೆಸರಿಟ್ಟರೆ ಒಂದು ಅಚೀವ್‌ಮೆಂಟ್, ಮೇಲೆ ಓಡುವ ಸುದ್ದಿಪಟ್ಟಿಯನ್ನು 50 ಸಲ ಒತ್ತಿದರೆ ಇನ್ನೊಂದು, ಎರಡೂ ಪುಕ್ಕಟೆ.

ಕಂಪ್ಯೂಟರ್ ಮುಂದೆ ದಿನವಿಡೀ ಕೂರೋ ನನಗೆ, ಆಟಕ್ಕೆ ಕಾಸು ಬಿಚ್ಚದ ನನಗೆ, ಒಂದು ಟ್ಯಾಬಿನಲ್ಲಿ ಕುಕೀ ಸಾಕು. ಫೋನನ್ನು ಜೇಬಿಗಿಟ್ಟು ಸಂಜೆ ಮಾತ್ರ ತೆಗೆಯೋರು ಅಡ್ವೆಂಚರ್ ಹಾಕಿಕೊಳ್ಳಿ, ಅಂಗಡಿಯನ್ನು ತಾನೇ ನಡೆಸೋ ಮ್ಯಾನೇಜರ್ ಇದ್ದರೆ ಆಟ ಮುಚ್ಚಿದಾಗಲೂ ದುಡಿಯುತ್ತೆ. ಜಾಹೀರಾತು, ಆಟದೊಳಗಿನ ‘ಗೋಲ್ಡ್’ ಮಾರಾಟದ ಕಾಟ ಸಹಿಸಿಕೊಳ್ಳಬೇಕು ಅಷ್ಟೆ. ಕುಕೀಯಲ್ಲಿ ಮುಚ್ಚಿದ ಮೇಲೂ ಬರಬೇಕೆಂದರೆ ಒಂದು ಚಿಪ್‌ನ ‘ಟ್ವಿನ್ ಗೇಟ್ಸ್’ ಬೇಕು. ಕೊಂಡರೂ ಸಿಗೋದು ಒಂದು ತಾಸಿನವರೆಗೆ ಮಾಮೂಲಿ ಉತ್ಪಾದನೆಯ 5%, ಆಮೇಲೆ ಅರ್ಧ ಪರ್ಸೆಂಟು.